ದಂಡಿನಿಂದ ಮನೆಗೆ

ನಮ್ಮ ಹಳಗನ್ನಡ ಶಾಸನಗಳನ್ನು ಓದಿದವರಿಗೆ ‘ಬಾಳ್ಗಚ್ಚು’ ಎಂಬ ಮಾತು ಪರಿಚಿತವಾದುದು. ಬಾಳ್ ಎಂದರೆ ಕತ್ತಿ. ಕಚ್ಚು ಎಂದರೆ ತೊಳೆಯುವುದು. ಯುದ್ಧ ಮುಗಿದ ಬಳಿಕ ಕತ್ತಿಯನ್ನು ತೊಳೆಯುವ ಮರ್ಯಾದೆಯೊಡನೆ ವೀರನಿಗೆ ಅರಸನು ಕೊಡುತ್ತಿದ್ದ ಭೂಮಿಗೆ ಆ ಹೆಸರು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟನೆಂದು ಹತ್ತನೆಯ ಶತಮಾನದ ಆ ಕಲ್ಲು ಸಾರುತ್ತದೆ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಕೊಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ಬದುಕಿ ಬಂದವನಿಗೆ ಒಂದು, ಬಾರದವನ ಮಡದಿಮಕ್ಕಳಿಗೆ ಇನ್ನೊಂದು. ಈ ಎರಡು ಹೊಣೆಗಳನ್ನೂ ನಮ್ಮ ನಾಡು ಅಷ್ಟು ಹಿಂದೆಯೇ ಗುರುತಿಸಿತ್ತು. ಇಂದು ಅವುಗಳ ಸ್ಥಾನದಲ್ಲಿ ಸೈನಿಕನ ಪಿಂಚಣಿ ಮತ್ತು ಕುಟುಂಬ ಪಿಂಚಣಿ ನಿಂತಿವೆ.

ಪಿಂಚಣಿಯೆಂದರೆ ಮುಪ್ಪಿನ ಆಸರೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಶಾಲೆಯ ಉಪಾಧ್ಯಾಯರು, ಕಚೇರಿಯ ಗುಮಾಸ್ತರು ಅರುವತ್ತಕ್ಕೆ ನಿವೃತ್ತರಾಗುತ್ತಾರೆ. ಆ ವೇಳೆಗೆ ಮಗನ ಓದು ಮುಗಿದಿರುತ್ತದೆ, ಮಗಳ ಮದುವೆಯೂ ಆಗಿರಬಹುದು. ಸೈನಿಕನ ಮಾತು ಹಾಗಲ್ಲ. ಸೇನೆಗೆ ಬೇಕಾದುದು ತರುಣರ ಮೈಕಟ್ಟು. ಹದಿನೆಂಟು ಇಪ್ಪತ್ತಕ್ಕೆ ಸೇರಿದ ಸಿಪಾಯಿ ನಲವತ್ತು ತುಂಬುವ ಮೊದಲೇ ಮನೆಗೆ ಮರಳುವುದು ವಾಡಿಕೆ. ಹವಾಲ್ದಾರನಿಗೆ, ಸುಬೇದಾರನಿಗೆ ಕೆಲವು ವರ್ಷಗಳು ಹೆಚ್ಚು ದೊರೆಯುತ್ತವೆ, ಅಷ್ಟೆ. ಹೀಗೆ ನಮ್ಮ ದೇಶದಲ್ಲಿ ಪ್ರತಿ ವರ್ಷ ಸುಮಾರು 60 ಸಾವಿರ ಮಂದಿ ಸೇನೆಯಿಂದ ಹೊರಬರುತ್ತಾರೆ. ಅವರಲ್ಲಿ ಬಹುಮಂದಿಯ ಮಕ್ಕಳು ಆಗಿನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ನಿವೃತ್ತನೆಂಬ ಹೆಸರು ಬಂದರೂ ವಿಶ್ರಾಂತಿಯ ವಯಸ್ಸು ಬಂದಿರುವುದಿಲ್ಲ. ಸೈನಿಕ ನಿವೃತ್ತಿಯ ಕಷ್ಟಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಈ ಕಷ್ಟ ನಮಗೆ ಹೊಸದಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಭಾರತದ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. ಯುದ್ಧ ನಿಂತಿತು; ಇಷ್ಟು ಜನರಿಗೆ ಊರುಗಳಲ್ಲಿ ಉದ್ಯೋಗವೆಲ್ಲಿ? ಈ ಪ್ರಶ್ನೆಗೆ ಉತ್ತರವಾಗಿ 1945ರ ಜುಲೈಯಲ್ಲಿ ಪುನರ್ವಸತಿ ಮತ್ತು ಉದ್ಯೋಗದ ನಿರ್ದೇಶನಾಲಯವೊಂದು ಏರ್ಪಟ್ಟಿತು. ಮುಂದೆ ನಮ್ಮ ಊರೂರಿನ ವಿದ್ಯಾವಂತ ಹುಡುಗರು ಸಾಲಿನಲ್ಲಿ ನಿಂತು ಹೆಸರು ಬರೆಸಿದ ಉದ್ಯೋಗ ವಿನಿಮಯ ಕಚೇರಿಗಳು ಹುಟ್ಟಿದ್ದು ಹೀಗೆ. ಸೈನಿಕರಿಗಾಗಿ ತೆರೆದ ಬಾಗಿಲು ಆಮೇಲೆ ಎಲ್ಲರಿಗೂ ಬಾಗಿಲಾಯಿತು.

ಇನ್ನು ಪಿಂಚಣಿಯ ಲೆಕ್ಕಕ್ಕೆ ಬರೋಣ. ಸಿಪಾಯಿಯಿಂದ ಸುಬೇದಾರ್ ಮೇಜರರವರೆಗಿನವರಿಗೆ ಸಾಮಾನ್ಯವಾಗಿ 15 ವರ್ಷಗಳ ಸೇವೆ, ಅಧಿಕಾರಿಗಳಿಗೆ 20 ವರ್ಷಗಳ ಸೇವೆ ಆಗಿದ್ದರೆ ಪಿಂಚಣಿಗೆ ಅರ್ಹತೆ ಬರುತ್ತದೆ. ಕಡೆಯಲ್ಲಿ ಪಡೆದ ಮೂಲ ವೇತನ, ಸೈನಿಕ ಸೇವಾ ವೇತನ ಮುಂತಾದ ಲೆಕ್ಕಕ್ಕೆ ಸಲ್ಲುವ ಮೊತ್ತದ ಅರ್ಧ ಭಾಗವೇ ಪಿಂಚಣಿ. ಅದರ ಮೇಲೆ ತುಟ್ಟಿ ಪರಿಹಾರ ಸೇರುತ್ತದೆ. ಇಲ್ಲಿ ಮನೆಯವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಿಮದ ಗಡಿಯಲ್ಲಿದ್ದಾಗ ಬರುತ್ತಿದ್ದ ವಿಶೇಷ ಭತ್ಯೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಲಂಗರಿನ ಊಟ, ಸಮವಸ್ತ್ರ, ವಸತಿ ಇವೂ ಅಂದಿಗೇ ಮುಗಿಯುತ್ತವೆ. ಆದುದರಿಂದ ಕಾಗದದ ಮೇಲೆ ಆದಾಯ ಅರ್ಧವಾದರೆ, ಸಂಸಾರದಲ್ಲಿ ಅದಕ್ಕಿಂತಲೂ ಹೆಚ್ಚು ಇಳಿದಂತೆ ಕಾಣುತ್ತದೆ. ಹಾಸಿಗೆಯ ಅಳತೆಯನ್ನು ಮೊದಲೇ ನೋಡಿಕೊಂಡವರು ಕಾಲು ಚಾಚುವಾಗ ತಡವರಿಸುವುದಿಲ್ಲ.

ಎರಡನೆಯದು ಪಿಂಚಣಿಯ ಪರಿವರ್ತನೆ, ಎಂದರೆ ಕಮ್ಯುಟೇಷನ್. ಪಿಂಚಣಿಯ ಅರ್ಧದವರೆಗಿನ ಭಾಗವನ್ನು ಸೈನಿಕನು ಒಟ್ಟು ಮೊತ್ತವಾಗಿ ಮೊದಲೇ ಪಡೆಯಬಹುದು. ಇದನ್ನು ಇನಾಮು ಎಂದು ಭಾವಿಸುವವರುಂಟು. ಅದು ಇನಾಮಲ್ಲ, ತನ್ನದೇ ನಾಳಿನ ಹಣವನ್ನು ಇಂದು ತಂದುಕೊಳ್ಳುವ ಏರ್ಪಾಡು. ತಿಂಗಳಿಗೆ 20,000 ರೂಪಾಯಿ ಮೂಲ ಪಿಂಚಣಿ ಇದೆಯೆಂದು ಇಟ್ಟುಕೊಳ್ಳಿ. ಅದರಲ್ಲಿ 10,000ವನ್ನು ಪರಿವರ್ತಿಸಿಕೊಂಡರೆ, ನಲವತ್ತರ ಆಸುಪಾಸಿನ ವಯಸ್ಸಿಗೆ ಸುಮಾರು ಒಂಬತ್ತು ವರ್ಷಗಳ ಮೊತ್ತ, ಅಂದರೆ ಹೆಚ್ಚು ಕಡಿಮೆ 10 ಲಕ್ಷದ 80 ಸಾವಿರ ರೂಪಾಯಿ ಒಮ್ಮೆಗೇ ಕೈಗೆ ಬರುತ್ತದೆ. ಬದಲಾಗಿ 15 ವರ್ಷಗಳ ಕಾಲ ತಿಂಗಳಿಗೆ 10,000 ಕಡಿತವಾಗುತ್ತದೆ. ಒಟ್ಟು 18 ಲಕ್ಷ. ಆಮೇಲೆ ಪೂರ್ಣ ಪಿಂಚಣಿ ಮರಳುತ್ತದೆ. ಈ ನಡುವೆ ತುಟ್ಟಿ ಪರಿಹಾರವನ್ನು ಪೂರ್ಣ ಪಿಂಚಣಿಯ ಮೇಲೆಯೇ ಲೆಕ್ಕ ಹಾಕುತ್ತಾರೆ. ಪಿಂಚಣಿದಾರನು ನಡುವೆ ತೀರಿಕೊಂಡರೆ ಉಳಿದ ಬಾಕಿಯನ್ನು ಮನೆಯವರಿಂದ ವಸೂಲು ಮಾಡುವುದಿಲ್ಲ. ಕುಟುಂಬ ಪಿಂಚಣಿಯೂ ಇದರಿಂದ ಕಡಿಮೆಯಾಗುವುದಿಲ್ಲ. ಮನೆ ಕಟ್ಟುವುದಕ್ಕೋ ಸಾಲ ತೀರಿಸುವುದಕ್ಕೋ ಆದರೆ ಪರಿವರ್ತನೆ ಒಳ್ಳೆಯದೇ. ಆದರೆ ಈ ಹಣದ ವಾಸನೆ ಊರಿಗೆ ಬಹು ಬೇಗ ಹತ್ತುತ್ತದೆ. ಹೆಚ್ಚು ಬಡ್ಡಿಯ ಆಸೆ ತೋರಿಸುವವರು, ಪಾಲುಗಾರಿಕೆಯ ವ್ಯಾಪಾರಕ್ಕೆ ಕರೆಯುವವರು, ಕೈಗಡ ಕೇಳುವ ನೆಂಟರು, ಎಲ್ಲರೂ ಒಂದೇ ವಾರದಲ್ಲಿ ಬಾಗಿಲಿಗೆ ಬರುತ್ತಾರೆ. ಮೊದಲ ಆರು ತಿಂಗಳು ಆ ಹಣವನ್ನು ಬ್ಯಾಂಕಿನಲ್ಲಿಯೋ ಅಂಚೆ ಕಚೇರಿಯಲ್ಲಿಯೋ ಇಟ್ಟು ಯಾರಿಗೂ ಮಾತು ಕೊಡದಿರುವುದು ಜಾಣತನ.

ಪಿಂಚಣಿ ಸರ್ಕಾರದ ದಾನವೆ, ಸೇವಕನ ಹಕ್ಕೆ? ಈ ಪ್ರಶ್ನೆಯನ್ನು ನಮ್ಮ ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದು ನಕಾರಾ ಎಂಬ ನಿವೃತ್ತರ ಮೊಕದ್ದಮೆಯಲ್ಲಿ ವಿಚಾರಿಸಿ, ಪಿಂಚಣಿ ಕೃಪೆಯಿಂದ ಕೊಡುವ ಕಾಣಿಕೆಯಲ್ಲ, ಹಿಂದೆ ಸಲ್ಲಿಸಿದ ಸೇವೆಗೆ ಸಲ್ಲತಕ್ಕ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ದಿನವನ್ನು ಪಿಂಚಣಿದಾರರ ದಿನವೆಂದು ಇಂದಿಗೂ ಆಚರಿಸುತ್ತಾರೆ. ಸೈನಿಕರಿಗೆ ಇನ್ನೊಂದು ಅಸಮಾಧಾನವಿತ್ತು. ಒಂದೇ ದರ್ಜೆಯಲ್ಲಿ ಅಷ್ಟೇ ವರ್ಷ ದುಡಿದ ಇಬ್ಬರು ಹವಾಲ್ದಾರರಲ್ಲಿ, ಮೊದಲು ನಿವೃತ್ತನಾದವನಿಗೆ ಕಡಿಮೆ, ಆಮೇಲೆ ನಿವೃತ್ತನಾದವನಿಗೆ ಹೆಚ್ಚು ಪಿಂಚಣಿ ಬರುತ್ತಿತ್ತು. ವಯಸ್ಸಾದವನಿಗೇ ಕಡಿಮೆ! ಬಹುಕಾಲದ ಬೇಡಿಕೆಯ ಬಳಿಕ 2015ರ ನವೆಂಬರಿನಲ್ಲಿ ‘ಒಂದು ದರ್ಜೆ, ಒಂದು ಪಿಂಚಣಿ’ ಎಂಬ ಆಜ್ಞೆ ಹೊರಟು, 2014ರ ಜುಲೈ 1ರಿಂದ ಅನ್ವಯವಾಯಿತು. 2013ರಲ್ಲಿ ನಿವೃತ್ತರಾದವರ ಕನಿಷ್ಠ ಮತ್ತು ಗರಿಷ್ಠ ಪಿಂಚಣಿಗಳ ಸರಾಸರಿಯನ್ನು ಹಿಡಿದು ಹಳಬರ ಪಿಂಚಣಿಯನ್ನು ಏರಿಸಲಾಯಿತು. ಐದು ವರ್ಷಕ್ಕೊಮ್ಮೆ ಇದನ್ನು ಮತ್ತೆ ಸರಿಹೊಂದಿಸಬೇಕೆಂಬುದು ಅದರ ನಿಯಮ.

ಈಗ ನೆತ್ತರುಗೊಡಗೆಯ ಮಾತು. ಪಿಂಚಣಿದಾರನು ಕಾಲವಾದ ಮೇಲೆ ಅವನ ಪತ್ನಿಗೆ ಸಾಮಾನ್ಯ ಕುಟುಂಬ ಪಿಂಚಣಿ ಸಲ್ಲುತ್ತದೆ. ಅದು ಕಡೆಯ ವೇತನದ ನೂರಕ್ಕೆ 30ರಷ್ಟು. ಮೊದಲಿನ ಕೆಲವು ವರ್ಷ ಹೆಚ್ಚಿನ ದರವೂ ಉಂಟು. ಸೇವೆಯ ಕಾರಣದಿಂದಲೇ ಸೈನಿಕನು ಮೃತನಾಗಿದ್ದರೆ ನೂರಕ್ಕೆ 60. ಯುದ್ಧದಲ್ಲಿ ಮಡಿದಿದ್ದರೆ ಆತನ ಕಡೆಯ ವೇತನದಷ್ಟೇ ಮೊತ್ತ ಮನೆಗೆ ಬರುತ್ತದೆ. ಆದರೆ ಹಕ್ಕು ಇರುವುದು ಬೇರೆ, ಅದು ಕೈಗೆ ಬರುವುದು ಬೇರೆ. ಮದುವೆಯಾದಾಗ, ಮಗು ಹುಟ್ಟಿದಾಗ ಆ ಸಂಗತಿ ರೆಜಿಮೆಂಟಿನ ದಾಖಲೆಗೆ ಸೇರಿರಬೇಕು. ಅಲ್ಲಿ ಪತ್ನಿಯ ಹೆಸರು ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ, ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಂದು ಬಗೆ ಇದ್ದರೆ, ಗಂಡನನ್ನು ಕಳೆದುಕೊಂಡ ಹೆಂಗಸು ಒಂದು ಅಕ್ಷರಕ್ಕಾಗಿ ತಿಂಗಳುಗಟ್ಟಲೆ ಕಚೇರಿ ಅಲೆಯಬೇಕಾಗುತ್ತದೆ. ಕನ್ನಡದ ಹೆಸರುಗಳನ್ನು ದೂರದ ಊರಿನ ಗುಮಾಸ್ತರು ಇಂಗ್ಲಿಷಿನಲ್ಲಿ ಬರೆಯುವಾಗ ಇಂಥ ವ್ಯತ್ಯಾಸ ಸುಲಭವಾಗಿ ನುಸುಳುತ್ತದೆ. ಆದುದರಿಂದ ಸೈನಿಕನು ಮನೆಗೆ ಬಂದ ಮೊದಲ ತಿಂಗಳಲ್ಲೇ ಗಂಡಹೆಂಡಿರು ಒಟ್ಟಿಗೆ ಕುಳಿತು ಬಿಡುಗಡೆಯ ಪುಸ್ತಕ, ಪಿಂಚಣಿ ಪಾವತಿ ಆದೇಶ, ಜಂಟಿ ಖಾತೆ ಇವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ಈ ಕಾಗದಗಳು ಎಲ್ಲಿವೆಯೆಂದು ಆಕೆಗೂ ತಿಳಿದಿರಬೇಕು. ಇದನ್ನು ಅಶುಭದ ಮಾತೆಂದು ತಳ್ಳಿಹಾಕುವುದು ತರವಲ್ಲ. ಈಗ ಸೈನಿಕ ಪಿಂಚಣಿಯ ಆಡಳಿತವೆಲ್ಲ ಪ್ರಯಾಗರಾಜದ ಕಚೇರಿಯಿಂದ ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆಯ ಮೂಲಕ ನಡೆಯುತ್ತದೆ. ಪಿಂಚಣಿದಾರನು ಜೀವಂತನಾಗಿದ್ದಾನೆಂಬ ಪ್ರಮಾಣವನ್ನು ವರ್ಷಕ್ಕೊಮ್ಮೆ ತಪ್ಪದೆ ಸಲ್ಲಿಸಬೇಕು. ತಪ್ಪಿದರೆ ಪಾವತಿ ನಿಲ್ಲಬಹುದು.

ಉದ್ಯೋಗದ ಮಾತಿಗೆ ಬಂದರೆ, ಬೇರೆ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಪಿಂಚಣಿ ನಿಲ್ಲುವುದಿಲ್ಲ. ಕೇಂದ್ರ ಸರ್ಕಾರದ ‘ಸಿ’ ವರ್ಗದ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ನೂರಕ್ಕೆ 10ರಷ್ಟು ಮೀಸಲು ಉಂಟು. ವಯಸ್ಸಿನ ಮಿತಿಯನ್ನು ನೋಡುವಾಗ ಸೇವೆಯ ವರ್ಷಗಳನ್ನೂ ಇನ್ನೂ ಮೂರು ವರ್ಷಗಳನ್ನೂ ಕಳೆದು ಲೆಕ್ಕ ಹಾಕುತ್ತಾರೆ. ಮೆಟ್ರಿಕ್ ಮುಗಿಸಿ 15 ವರ್ಷ ಸೇವೆ ಮಾಡಿದವನನ್ನು, ಪದವಿ ಬೇಕೆನ್ನುವ ಎಷ್ಟೋ ‘ಸಿ’ ವರ್ಗದ ಹುದ್ದೆಗಳಿಗೂ ಪರಿಗಣಿಸಬಹುದು. ಸೇವೆಯ ಕಡೆಯ ಅವಧಿಯಲ್ಲಿ ಪುನರ್ವಸತಿ ನಿರ್ದೇಶನಾಲಯದ ತರಬೇತಿಗಳಿರುತ್ತವೆ. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಮರಳಿದವನು ಮೊದಲು ಅಲ್ಲಿ ಹೆಸರು ನೋಂದಾಯಿಸಬೇಕು. ವೈದ್ಯ ಸಹಾಯಕ್ಕೆ 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ. ಆದರೂ ಅನೇಕರು ಬಂದೂಕು ಹಿಡಿದ ಕೈಗೆ ಕಾವಲಿನ ಕೆಲಸವೇ ಸರಿಯೆಂದು ಅಲ್ಲಿಗೇ ನಿಂತುಬಿಡುತ್ತಾರೆ. ಸೇನೆಯಲ್ಲಿ ತಂತಿ ಸಂಪರ್ಕ ಕಲಿತವರು, ಸೇತುವೆ ಕಟ್ಟಿದವರು, ಯಂತ್ರ ದುರಸ್ತಿ ಮಾಡಿದವರು, ರೋಗಿಗಳ ಶುಶ್ರೂಷೆ ಮಾಡಿದವರು ಇದ್ದಾರೆ. ಆ ವಿದ್ಯೆಯ ಪ್ರಮಾಣಪತ್ರವನ್ನು ಬಿಡುಗಡೆಗೆ ಮುಂಚೆಯೇ ಬರೆಸಿಕೊಂಡು ತರಬೇಕು.

ಹಣ ಉದ್ಯೋಗಗಳಿಗಿಂತ ಕಠಿಣವಾದುದು ಮನೆಯೊಳಗಿನ ಹೊಂದಾಣಿಕೆ. ಹದಿನೇಳು ವರ್ಷ ಆತನು ರಜೆಯಲ್ಲಿ ಮಾತ್ರ ಬಂದ ಅತಿಥಿ. ರಜೆಯಲ್ಲಿ ಎಲ್ಲರೂ ಉಪಚರಿಸುತ್ತಾರೆ. ರಜೆ ಮುಗಿಯದಿದ್ದರೆ ಉಪಚಾರ ಎಷ್ಟು ದಿನ? ಈ ವರ್ಷಗಳಲ್ಲಿ ಮನೆ ನಡೆಸಿದವಳು ಆತನ ಮಡದಿ. ಮಕ್ಕಳ ಶುಲ್ಕ, ಅತ್ತೆಯ ಔಷಧ, ಗದ್ದೆಯ ಗೇಣಿ, ಎಲ್ಲವನ್ನೂ ಆಕೆ ತೀರ್ಮಾನಿಸಿದ್ದಾಳೆ. ಬಂದ ದಿನವೇ ಯಜಮಾನಿಕೆಯ ಬೀಗದ ಕೈಯನ್ನು ಆತನು ಕೇಳಿದರೆ ಕಲಹ ತಪ್ಪದು. ಬೆಳಗ್ಗೆ ಐದಕ್ಕೆ ಮಕ್ಕಳನ್ನು ಫಾಲಿನ್ ಮಾಡಿಸಲು ಹೊರಟರೆ ಅವರು ತಂದೆಯನ್ನು ಕಂಡು ಅಡಗುತ್ತಾರೆ. ಇತ್ತ ಆತನ ಸಂಕಟವೂ ಸಣ್ಣದಲ್ಲ. ಅಲ್ಲಿ ದರ್ಜೆ ತೋಳಿನ ಮೇಲೆ ಕಾಣುತ್ತಿತ್ತು, ಆಜ್ಞೆಗೆ ಅರ್ಥ ಒಂದೇ ಇತ್ತು. ಇಲ್ಲಿ ತಾಲ್ಲೂಕು ಕಚೇರಿಯಲ್ಲಿ ‘ನಾಳೆ ಬನ್ನಿ’ ಎಂದರೆ ಯಾವ ನಾಳೆಯೆಂದು ತಿಳಿಯುವುದಿಲ್ಲ. ಪಕ್ಕದಲ್ಲಿ ಮಲಗುತ್ತಿದ್ದ ಜೊತೆಗಾರರು ಇಲ್ಲ. ಕೆಲವರಿಗೆ ರಾತ್ರಿ ನಿದ್ರೆ ಬಾರದು, ಕೆಲವರು ಕುಡಿತದಲ್ಲಿ ಅದನ್ನು ಹುಡುಕುತ್ತಾರೆ. ಇದು ಹೇಡಿತನವಲ್ಲ, ವೈದ್ಯರ ನೆರವಿಗೆ ತಕ್ಕ ಸ್ಥಿತಿ. ಮನೆಯವರು ಗದರದೆ ಕರೆದುಕೊಂಡು ಹೋಗಬೇಕು.

ಹೊಸ ಬಾಳನ್ನು ಕಟ್ಟಿಕೊಂಡವರ ನಿದರ್ಶನಗಳೂ ನಮ್ಮಲ್ಲಿ ಉಂಟು. ಕೊಡಗಿನ ಜನರಲ್ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ಮೇಲೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ ನಮ್ಮ ರಾಯಭಾರಿಯಾಗಿದ್ದು ಬಂದು, 1964ರಲ್ಲಿ ಮಾಜಿ ಸೈನಿಕರ ಸಂಘವನ್ನು ಸ್ಥಾಪಿಸಿ, ಕಡೆಯವರೆಗೂ ಅವರ ಹಿತಕ್ಕಾಗಿ ದುಡಿದರು. ಕ್ಯಾಪ್ಟನ್ ಗೋಪಿನಾಥರು ಎಂಟು ವರ್ಷಗಳ ಸೇವೆಯ ಬಳಿಕ ಸೇನೆ ಬಿಟ್ಟು, ಹಾಸನ ಜಿಲ್ಲೆಯಲ್ಲಿ ಬೇಸಾಯಕ್ಕೂ ರೇಷ್ಮೆ ಕೃಷಿಗೂ ಇಳಿದು, 2003ರಲ್ಲಿ ಅಗ್ಗದ ದರದ ವಿಮಾನಯಾನವನ್ನೇ ಆರಂಭಿಸಿದರು. ಎಲ್ಲರೂ ಹಾಗೆ ಆಗಬೇಕಿಲ್ಲ. ಮರಳಿದವನು ಊರಿಗೆ ಭಾರವಲ್ಲ, ಬಲವೆಂಬುದಕ್ಕೆ ಇಷ್ಟು ಸಾಕು.

2022ರಲ್ಲಿ ಬಂದ ಅಗ್ನಿಪಥ ಯೋಜನೆಯಿಂದ ಈ ಪ್ರಶ್ನೆಗೆ ಹೊಸ ಮುಖ ಬಂದಿದೆ. ಅದರಲ್ಲಿ ಸೇರಿದ ಅಗ್ನಿವೀರರ ಸೇವೆ ನಾಲ್ಕು ವರ್ಷ. ಯೋಜನೆ ಹೊರಟಾಗಿನ ನಿಯಮದಂತೆ ನೂರಕ್ಕೆ 25ರವರೆಗೆ ಮಾತ್ರ ಸೇನೆಯಲ್ಲಿ ಮುಂದುವರಿಯುತ್ತಾರೆ. ಉಳಿದವರಿಗೆ ಸುಮಾರು 11 ಲಕ್ಷದ 71 ಸಾವಿರ ರೂಪಾಯಿಯ ಸೇವಾ ನಿಧಿ ಉಂಟು, ಪಿಂಚಣಿ ಇಲ್ಲ. ನಲವತ್ತಕ್ಕೆ ಬರುತ್ತಿದ್ದವನ ಸಮಸ್ಯೆ ಇಪ್ಪತ್ತೈದರೊಳಗಿನವನಿಗೂ ಬರುತ್ತದೆ. ಆ ಮನೆಗಳ ತಂದೆತಾಯಿಗಳು ಮಗನ ಮುಂದಿನ ಓದನ್ನೂ ಕಸುಬನ್ನೂ ನಾಲ್ಕನೆಯ ವರ್ಷ ಮುಗಿಯುವವರೆಗೆ ಕಾಯದೆ ಮೊದಲ ವರ್ಷದಿಂದಲೇ ಯೋಚಿಸಬೇಕು.

ಓದುಗರೆ, ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ಈ ದಿನ ಪುಟ್ಟ ಬಾವುಟವನ್ನು ಕೊಂಡು ನಾವು ಎದೆಗೆ ಸಿಕ್ಕಿಸಿಕೊಳ್ಳುತ್ತ ಬಂದಿದ್ದೇವೆ. ಆ ಹಣ ಮಾಜಿ ಸೈನಿಕರ ಮತ್ತು ಅವರ ಕುಟುಂಬಗಳ ಕಲ್ಯಾಣಕ್ಕೆ ಸೇರುತ್ತದೆ. ಅಷ್ಟಕ್ಕೆ ನಮ್ಮ ಹೊಣೆ ತೀರದು. ನಿಮ್ಮ ಬೀದಿಗೆ ಒಬ್ಬ ಸೈನಿಕನು ಮರಳಿ ಬಂದರೆ, ಗಡಿಯ ಕಥೆ ಕೇಳುವುದಕ್ಕೆ ಮೊದಲು ಆತನ ಅರ್ಜಿ ಎಲ್ಲಿಯವರೆಗೆ ಬಂತೆಂದು ವಿಚಾರಿಸಿ. ನಿಮ್ಮಲ್ಲಿ ಬ್ಯಾಂಕಿನಲ್ಲಿರುವವರು, ಉಪಾಧ್ಯಾಯರು, ವಕೀಲರು ಇರುತ್ತೀರಿ. ಒಂದು ಸಂಜೆ ಅವರ ಕಾಗದಪತ್ರಗಳನ್ನು ಹರಡಿಕೊಂಡು ಹೆಸರುಗಳು ಹೊಂದುತ್ತವೆಯೆ ಎಂದು ನೋಡಿಕೊಟ್ಟರೆ, ಅದೇ ನೀವು ಕೊಡುವ ಬಾಳ್ಗಚ್ಚು.