ಮನೆ ಬಿಟ್ಟ ಮೇಲೂ ಅಡ್ವಾನ್ಸ್ ಬಾರದಿದ್ದರೆ

ಮಕ್ಕಳ ಕಾಲೇಜಿಗೆಂದು ಮಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದ ಕುಟುಂಬಗಳು ಓದು ಮುಗಿದಾಗ ಮನೆ ಖಾಲಿ ಮಾಡಿ ಊರಿಗೆ ಮರಳುತ್ತವೆ. ರಿಪೇರಿ ಮುಗಿಯಲಿ, ಆಮೇಲೆ ಅಡ್ವಾನ್ಸ್ ಕೊಡುತ್ತೇವೆ ಎಂದ ಮಾಲೀಕರು ಮಳೆಗಾಲ ಕಳೆದರೂ ಕೊಡದಿರುವುದುಂಟು.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ ಮನೆಯನ್ನು ಪಡೆದಾಗಿನ ಸ್ಥಿತಿಯಲ್ಲೇ ಮರಳಿಸಬೇಕು. ಆದರೆ ಸಹಜ ಸವಕಳಿಗೆ ಬಾಡಿಗೆದಾರರು ಹೊಣೆಯಲ್ಲ. ಕರಾವಳಿಯ ಮಳೆಗೆ ಗೋಡೆ ಪಸೆ ಹಿಡಿದು ಬಣ್ಣ ಏಳುವುದನ್ನು ಬಾಡಿಗೆದಾರರ ತಪ್ಪೆನ್ನುವುದು ಕಷ್ಟ. ಒಡೆದ ಸಿಂಕ್, ಮುರಿದ ಬಾಗಿಲಿನ ಮಾತು ಬೇರೆ. ಬಣ್ಣದ ಖರ್ಚು ಬಾಡಿಗೆದಾರರದ್ದೆಂದು ಕರಾರುಪತ್ರದಲ್ಲೇ ಬರೆದಿದ್ದರೆ (ಸಹಿ ಹಾಕುವಾಗ ಎಷ್ಟು ಮಂದಿ ಓದುತ್ತಾರೆ?) ಅದಕ್ಕೆ ಬದ್ಧರಾಗಬೇಕಾಗುತ್ತದೆ.

ಕೀ ಕೊಡುವ ದಿನವೇ ಎಲ್ಲ ಕೋಣೆಗಳ ವಿಡಿಯೊ ತೆಗೆದು, ಕೀ ತಲುಪಿತೆಂದು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಬೇಕು. ರಿಪೇರಿಗೆ ಹಣ ಹಿಡಿದರೆ ಬಿಲ್ಲು ಕೇಳಬೇಕು. ಬಾಯಿಮಾತಿಗೆ ಬಗ್ಗದಿದ್ದರೆ ಗಡುವು ನಮೂದಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಬೇಕು.

ಅದಕ್ಕೂ ಉತ್ತರ ಬಾರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ದಾವೆ ಹೂಡುವ ಮುನ್ನವೇ ಲೋಕ ಅದಾಲತ್‌ನಲ್ಲಿ ಶುಲ್ಕವಿಲ್ಲದೆ ರಾಜಿಗೆ ಯತ್ನಿಸಬಹುದು. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಹಣ ವಸೂಲಿಗೆ ಸಿವಿಲ್ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿ ಇದೆ.