ಸೂತ್ರ ಒಪ್ಪಿದರೂ ಶ್ರೇಢಿ ಒಪ್ಪದ ಲೆಕ್ಕ

ಅನಂತ ಗುಣೋತ್ತರ ಶ್ರೇಢಿಯ ಮೊತ್ತದ ಸೂತ್ರ ಮಕ್ಕಳಿಗೆ ಬಾಯಿಪಾಠ: 1ರಿಂದ ಸಾಮಾನ್ಯ ಅನುಪಾತವನ್ನು ಕಳೆದು, ಅದರಿಂದ ಮೊದಲ ಪದವನ್ನು ಭಾಗಿಸುವುದು. ಅನುಪಾತ −1 ಮತ್ತು 1ರ ನಡುವೆ ಇರಬೇಕೆಂಬ ಷರತ್ತು ಮಾತ್ರ ಪುಸ್ತಕದಲ್ಲೇ ಉಳಿಯುತ್ತದೆ. ಅದನ್ನು ಹೇಳಿದರೆ ಸಾಲದು, ಅದಿಲ್ಲದೆ ದಾರಿ ತಪ್ಪುವ ಲೆಕ್ಕವೇ ಬೇಕು. ಅಭ್ಯಾಸ ಪಾಠಕ್ಕೆ ನಾನು ಆರಿಸಿಕೊಂಡದ್ದು ಇದು: ಮೊತ್ತ 4, ಎರಡನೇ ಪದ −3. ಶ್ರೇಢಿ ಯಾವುದು?

ಅನುಪಾತವನ್ನು ‘ರ’ ಎನ್ನೋಣ. ಮೊದಲ ಪದ 4(1 − ರ). ಆದ್ದರಿಂದ 4ರ(1 − ರ) = −3, ಅಂದರೆ 4ರ² − 4ರ − 3 = 0. ಅಪವರ್ತಿಸಿದರೆ (2ರ − 3)(2ರ + 1) = 0. ರ = 3/2 ಅಥವಾ −1/2.

ರ = 3/2 ಆದರೆ ಶ್ರೇಢಿ −2, −3, −9/2, … ಎರಡನೇ ಪದ ಸರಿ. ಸೂತ್ರಕ್ಕೆ ಹಾಕಿದರೆ ಮೊತ್ತವೂ 4! ಇಲ್ಲಿ ಅವಸರ ಮಾಡಬಾರದು. “ಸಾಲದ ಮೇಲೆ ಸಾಲ ಕೂಡಿಸುತ್ತ ಹೋದರೆ ಕೈಗೆ 4 ರೂಪಾಯಿ ಬರುತ್ತದೆಯೇ?” ಎಂದು ಕೇಳಿದೆ. ನಗು ಎದ್ದಿತು. ಹಿಂದಿನ ಬೆಂಚಿನಿಂದ, “ಹಾಗಾದರೆ ಸೂತ್ರ ಸುಳ್ಳಾ?” ಎಂಬ ಪ್ರಶ್ನೆಯೂ ಬಂತು. ಪಾಠ ನಿಜವಾಗಿ ಶುರುವಾಗುವುದೇ ಇಲ್ಲಿ. ‘ನ’ ಪದಗಳ ಮೊತ್ತ 4(1 − ರⁿ). ರⁿ ಸೊನ್ನೆಯತ್ತ ಸಾಗಿದರೆ ಮಾತ್ರ 4 ಉಳಿಯುತ್ತದೆ. 3/2ರ ಘಾತಗಳು ಬೆಳೆಯುತ್ತಲೇ ಹೋಗುತ್ತವೆ.

ರ = −1/2 ಆದರೆ 6, −3, 3/2, −3/4, … ಕೂಡುತ್ತ ಹೋದಾಗ 6, 3, 4.5, 3.75, 4.125: 4ರ ಆಚೀಚೆ ತೂಗುತ್ತ ಹತ್ತಿರ ಬರುತ್ತವೆ. ಇದೇ ಉತ್ತರ.

ಒಂದು ಉತ್ತರವನ್ನು ಹೊಡೆದುಹಾಕುವುದೇ ಚಟವಾಗದಿರಲು ಕೂಡಲೇ ಇನ್ನೊಂದು ಲೆಕ್ಕ ಕೊಡಿ: ಮೊತ್ತ 9, ಎರಡನೇ ಪದ 2. ಅಲ್ಲಿ 1/3, 2/3 ಎರಡೂ ನಿಲ್ಲುತ್ತವೆ.