ಗಣಕೀಕೃತ ಎಕ್ಸ್-ರೇ ಚಿತ್ರಣದಲ್ಲಿ ಬಿಂಬಫಲಕದ ಕಾರ್ಯವಿಧಾನ

ತಿಪಟೂರು ತಾಲ್ಲೂಕಿನ ನೊಣವಿನಕೆರೆ ಹೋಬಳಿಯೂ ನೆರೆಯ ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳೂ ತೆಂಗಿನ ಸೀಮೆಯೆಂದು ಹೆಸರಾಗಿವೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಇಲ್ಲಿನ ರೈತರು ಒಡೆಯದೆಯೇ ಕಿವಿಯ ಬಳಿ ಅಲುಗಿಸಿ, ಒಳಗೆ ಉಂಡೆ ಕೊಬ್ಬರಿಯು ಚಿಪ್ಪಿನಿಂದ ಬಿಟ್ಟಿದೆಯೇ ಎಂಬುದನ್ನು ತಿಳಿಯುತ್ತಾರೆ. ಕಾಯಿ ಕೀಳುವಾಗ ಮರದಿಂದ ಬಿದ್ದು ಕೈಕಾಲು, ಸೊಂಟ, ಬೆನ್ನುಮೂಳೆ ಮುರಿದುಕೊಳ್ಳುವ ಅಪಘಾತಗಳೂ ತೆಂಗು ಬೆಳೆಯುವ ಪ್ರದೇಶಗಳಿಗೆ ಹೊಸತಲ್ಲ. ದೇಹವನ್ನು ಕೊಯ್ಯದೆಯೇ ಒಳಗಿನ ಮೂಳೆಯ ಸ್ಥಿತಿಯನ್ನು ತಿಳಿಯಲು ಕ್ಷ-ಕಿರಣ ಚಿತ್ರ, ಅಂದರೆ ಎಕ್ಸ್-ರೇ, ಇಂದಿಗೂ ಮೊದಲ ಪರೀಕ್ಷೆಯಾಗಿದೆ.

1895ರ ನವೆಂಬರ್‌ನಲ್ಲಿ ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮ್ ರಾಂಟ್‌ಜೆನ್ ಈ ಕಿರಣಗಳನ್ನು ಕಂಡುಹಿಡಿದ ನಂತರ ಸುಮಾರು ಒಂದು ಶತಮಾನದ ಕಾಲ ಎಕ್ಸ್-ರೇ ಎಂದರೆ ಫಿಲ್ಮ್, ಕತ್ತಲೆ ಕೋಣೆ ಮತ್ತು ರಾಸಾಯನಿಕ ದ್ರಾವಣಗಳೇ ಆಗಿದ್ದವು. 1980ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆಯು ಬಳಕೆಗೆ ತಂದ ಗಣಕೀಕೃತ ವಿಧಾನವು ಈ ಮೂರನ್ನೂ ಅನಗತ್ಯಗೊಳಿಸಿತು. ಆದರೆ ಹಳೆಯ ಎಕ್ಸ್-ರೇ ಯಂತ್ರವನ್ನು ಬದಲಿಸಬೇಕಾಗಲಿಲ್ಲ. ಫಿಲ್ಮ್ ಇರುತ್ತಿದ್ದ ಪೆಟ್ಟಿಗೆಯ ಅಳತೆಯದೇ ಪೆಟ್ಟಿಗೆಯೊಳಗೆ ಫಿಲ್ಮ್ ಬದಲಾಗಿ ಬಿಂಬಫಲಕವನ್ನಿರಿಸಿ, ಅದೇ ಮೇಜಿನ ಕೆಳಗೆ ತಳ್ಳಿದರೆ ಸಾಕಾಗಿತ್ತು. ಸಣ್ಣ ಆಸ್ಪತ್ರೆಗಳಿಗೂ ಈ ವಿಧಾನ ತಲುಪಲು ಇದು ಮುಖ್ಯ ಕಾರಣ.

ಫಲಕದೊಳಗೆ ನಡೆಯುವುದೇನು?

ಬಿಂಬಫಲಕವು ನೋಡಲು ಬಿಳಿಯ ದಪ್ಪ ಹಾಳೆಯಂತಿರುತ್ತದೆ. ಪಾಲಿಯೆಸ್ಟರ್ ಆಧಾರದ ಮೇಲೆ ಯುರೋಪಿಯಂ ಎಂಬ ಧಾತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದ ಬೇರಿಯಂ ಫ್ಲೋರೋಬ್ರೋಮೈಡ್ ಸಂಯುಕ್ತದ ಸೂಕ್ಷ್ಮ ಹರಳುಗಳನ್ನು ತೆಳುವಾಗಿ ಲೇಪಿಸಿ, ಮೇಲೆ ರಕ್ಷಣಾ ಪದರವನ್ನು ಹೊದಿಸಲಾಗಿರುತ್ತದೆ. ರೋಗಿಯ ದೇಹವನ್ನು ಹಾದುಬಂದ ಕ್ಷ-ಕಿರಣಗಳು ಈ ಹರಳುಗಳಲ್ಲಿ ಹೀರಲ್ಪಟ್ಟಾಗ ಇಲೆಕ್ಟ್ರಾನುಗಳು ತಮ್ಮ ಸ್ಥಾನದಿಂದ ಬಿಡುಗಡೆ ಹೊಂದುತ್ತವೆ. ಅವುಗಳಲ್ಲಿ ಒಂದು ಭಾಗ ಆ ಕ್ಷಣವೇ ಬೆಳಕನ್ನು ಹೊಮ್ಮಿಸಿ ಹಿಂದಿರುಗುತ್ತದೆ. ಉಳಿದವು ಹರಳಿನ ರಚನೆಯಲ್ಲಿರುವ ಕೊರತೆಯ ತಾಣಗಳಲ್ಲಿ ಸಿಕ್ಕಿಬೀಳುತ್ತವೆ. ಮಳೆ ನಿಂತ ಮೇಲೂ ಹೊಲದ ತಗ್ಗುಗಳಲ್ಲಿ ನೀರು ನಿಲ್ಲುವಂತೆ, ಕಿರಣವು ಹೆಚ್ಚು ಬಿದ್ದೆಡೆ ಹೆಚ್ಚು, ಮೂಳೆಯ ಮರೆಯಿಂದಾಗಿ ಕಡಿಮೆ ಬಿದ್ದೆಡೆ ಕಡಿಮೆ ಇಲೆಕ್ಟ್ರಾನುಗಳು ನಿಂತಿರುತ್ತವೆ. ಚಿತ್ರವು ಆಗಲೇ ಫಲಕದಲ್ಲಿದೆ. ಕಣ್ಣಿಗೆ ಮಾತ್ರ ಕಾಣದು.

ಇದನ್ನು ಓದಲು ಪೆಟ್ಟಿಗೆಯನ್ನು ರೀಡರ್ ಯಂತ್ರಕ್ಕೆ ಸೇರಿಸಲಾಗುತ್ತದೆ. ಅಲ್ಲಿ ಕೂದಲೆಳೆಯಷ್ಟು ತೆಳುವಾದ ಕೆಂಪು ಲೇಸರ್ ಕಿರಣವು ಫಲಕದ ಮೇಲೆ ಅಡ್ಡಲಾಗಿ ಗೆರೆಗೆರೆಯಾಗಿ ಹರಿಯುತ್ತದೆ. ಫಲಕವು ನಿಧಾನವಾಗಿ ಮುಂದೆ ಸರಿಯುತ್ತದೆ. ಲೇಸರ್ ತಾಗಿದ ಬಿಂದುವಿನಲ್ಲಿ ಸಿಕ್ಕಿಬಿದ್ದಿದ್ದ ಇಲೆಕ್ಟ್ರಾನುಗಳು ಬಿಡುಗಡೆಗೊಂಡು ನೀಲಿ-ನೇರಳೆ ಬೆಳಕನ್ನು ಸೂಸುತ್ತವೆ. ಹಾಕುವ ಬೆಳಕು ಕೆಂಪು, ಬರುವ ಬೆಳಕು ನೀಲಿಯಾಗಿರುವುದರಿಂದಲೇ ಈ ವಿಧಾನ ಸಾಧ್ಯವಾಗಿದೆ: ಸೋಸುಗಾಜೊಂದು ಕೆಂಪನ್ನು ತಡೆದು, ಅತಿ ಕ್ಷೀಣವಾದ ನೀಲಿಯನ್ನು ಮಾತ್ರ ಸಂವೇದಕಕ್ಕೆ ಬಿಡುತ್ತದೆ. ಪ್ರತಿ ಬಿಂದುವಿನ ಬೆಳಕನ್ನು ಅಂಕಿಯಾಗಿ ಪರಿವರ್ತಿಸಿ ಗಣಕಯಂತ್ರವು ಚಿತ್ರವನ್ನು ಜೋಡಿಸುತ್ತದೆ. ಎಕ್ಸ್-ರೇ ತಂತ್ರಜ್ಞರು ಎದೆಯ ಮೇಲೆ ಧರಿಸುವ ಟಿ.ಎಲ್.ಡಿ. ಬಿಲ್ಲೆಯೂ ಇದರ ಹತ್ತಿರದ ಬಂಧುವೇ. ಅದರಲ್ಲಿ ಸಿಕ್ಕಿಬಿದ್ದ ಇಲೆಕ್ಟ್ರಾನುಗಳನ್ನು ಲೇಸರ್ ಬದಲಾಗಿ ಶಾಖದಿಂದ ಬಿಡಿಸಿ, ಅವರಿಗೆ ತಗುಲಿದ ವಿಕಿರಣವನ್ನು ಅಳೆಯಲಾಗುತ್ತದೆ.

ಲೇಸರ್ ಓದಿದ ಬಳಿಕವೂ ಫಲಕದಲ್ಲಿ ಸ್ವಲ್ಪ ಶೇಷ ಉಳಿಯುತ್ತದೆ. ಅದನ್ನು ಪ್ರಖರವಾದ ಬಿಳಿ ಬೆಳಕಿನಿಂದ ಅಳಿಸಿ ಫಲಕವನ್ನು ಮರುಬಳಕೆಗೆ ಸಿದ್ಧಪಡಿಸಲಾಗುತ್ತದೆ. ಒಂದೇ ಫಲಕವನ್ನು ಸಾವಿರಾರು ಬಾರಿ ಬಳಸಬಹುದು. ಅಳಿಸುವಿಕೆ ಅಪೂರ್ಣವಾದಲ್ಲಿ ಹಿಂದಿನ ರೋಗಿಯ ಮೂಳೆಯ ನೆರಳು ಮುಂದಿನವರ ಚಿತ್ರದಲ್ಲಿ ಮಸುಕಾಗಿ ಮೂಡಬಹುದು. ಒಂದೆರಡು ದಿನ ಬಳಸದೆ ಇಟ್ಟ ಫಲಕವನ್ನು ಮತ್ತೊಮ್ಮೆ ಅಳಿಸಿಯೇ ಬಳಸಬೇಕೆಂಬ ನಿಯಮಕ್ಕೂ ಕಾರಣವಿದೆ: ಪರಿಸರದ ಸಹಜ ವಿಕಿರಣವನ್ನೂ ಅದು ಸುಮ್ಮನೆ ಸಂಗ್ರಹಿಸುತ್ತಿರುತ್ತದೆ. ಇದಕ್ಕೆ ವಿರುದ್ಧವಾಗಿ, ತೆಗೆದ ಚಿತ್ರವನ್ನು ಓದಲು ವಿಳಂಬವಾದರೆ ಎಂಟು ಗಂಟೆಗಳಲ್ಲಿ ಸುಮಾರು ಕಾಲುಭಾಗದಷ್ಟು ಸಂಕೇತವು ತಾನಾಗಿಯೇ ಕ್ಷೀಣಿಸುತ್ತದೆ. ವಿದ್ಯುತ್ ಕಡಿತವಾಗುವ ಕಡೆಗಳಲ್ಲಿ ಇದನ್ನು ಗಮನದಲ್ಲಿಡುವುದು ಒಳಿತು.

ಚಿತ್ರ ಚೆನ್ನಾಗಿದ್ದರೆ ಸಾಲದು

ಈ ವಿಧಾನದ ದೊಡ್ಡ ಅನುಕೂಲವೇ ಅದರ ದೊಡ್ಡ ಅಪಾಯವೂ ಆಗಿದೆ. ಫಿಲ್ಮ್ ಮೇಲೆ ಕಿರಣ ಹೆಚ್ಚಾದರೆ ಅದು ಕಪ್ಪಾಗುತ್ತಿತ್ತು, ಕಡಿಮೆಯಾದರೆ ಪೇಲವವಾಗುತ್ತಿತ್ತು. ತಪ್ಪು ಕೂಡಲೇ ಕಾಣುತ್ತಿತ್ತು. ಬಿಂಬಫಲಕವು ಹತ್ತು ಸಾವಿರ ಪಟ್ಟು ವ್ಯತ್ಯಾಸದ ಕಿರಣ ಪ್ರಮಾಣಗಳನ್ನು ದಾಖಲಿಸಬಲ್ಲದು, ಮತ್ತು ಗಣಕಯಂತ್ರವು ಹೊಳಪನ್ನು ತಾನೇ ಸರಿಪಡಿಸುತ್ತದೆ. ಕಿರಣ ತೀರ ಕಡಿಮೆಯಾದರೆ ಚಿತ್ರವು ಮರಳು ಎರಚಿದಂತೆ ಕಾಣುತ್ತದೆ. ಅಗತ್ಯದ ಎರಡು ಮೂರು ಪಟ್ಟು ಕಿರಣ ಹಾಯಿಸಿದರೋ, ಚಿತ್ರವು ಇನ್ನಷ್ಟು ನುಣುಪಾಗಿ ಬರುತ್ತದೆ. ಯಾರೂ ಆಕ್ಷೇಪಿಸುವುದಿಲ್ಲ. ಹೀಗೆ ಕಿರಣದ ಪ್ರಮಾಣವು ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಏರುವ ಪ್ರವೃತ್ತಿಯನ್ನು ಹಲವು ದೇಶಗಳ ತಜ್ಞರು ಗುರುತಿಸಿದ್ದಾರೆ.

ಎದೆಯ ಒಂದು ಚಿತ್ರದಿಂದ ವಯಸ್ಕರಿಗೆ ತಗುಲುವ ವಿಕಿರಣವು ಸುಮಾರು 0.02 ಮಿಲಿಸೀವರ್ಟ್, ಇದು ಪ್ರಕೃತಿಯಿಂದ ಎಲ್ಲರಿಗೂ ಸುಮಾರು ಮೂರು ದಿನಗಳಲ್ಲಿ ತಗುಲುವಷ್ಟು. ಆದುದರಿಂದ ಹೆದರಿ ಪರೀಕ್ಷೆಯನ್ನು ನಿರಾಕರಿಸುವುದು ಸರಿಯಲ್ಲ. ಆದರೆ ಮರದಿಂದ ಬಿದ್ದವರ ಸೊಂಟದ ಬೆನ್ನುಮೂಳೆಯ ಪರೀಕ್ಷೆಗೆ ಸುಮಾರು 1.5 ಮಿಲಿಸೀವರ್ಟ್ ಬೇಕಾಗಬಹುದು. ಇಲ್ಲಿ ಎರಡು ಪಟ್ಟು ಎಂಬುದು ಸಣ್ಣ ಮಾತಲ್ಲ. ಮಕ್ಕಳ ವಿಷಯದಲ್ಲಂತೂ ಅಲ್ಲವೇ ಅಲ್ಲ.

ಫಲಕಕ್ಕೆ ತಲುಪಿದ ಕಿರಣದ ಪ್ರಮಾಣವನ್ನು ಯಂತ್ರವು ಒಂದು ಸೂಚ್ಯಂಕವಾಗಿ ಪರದೆಯಲ್ಲಿ ತೋರಿಸುತ್ತದೆ. ಹಿಂದೆ ತಯಾರಕರಿಂದ ತಯಾರಕರಿಗೆ ಈ ಸಂಖ್ಯೆ ಬೇರೆಯಾಗಿತ್ತು. ಕೆಲವು ಯಂತ್ರಗಳಲ್ಲಿ ಸಂಖ್ಯೆ ಏರಿದಷ್ಟೂ ಕಿರಣ ಕಡಿಮೆ ಎಂಬ ಅರ್ಥವಿತ್ತು! 2008ರಲ್ಲಿ ಅಂತರರಾಷ್ಟ್ರೀಯ ಮಾನದಂಡ ರೂಪುಗೊಂಡ ನಂತರ ಗೊಂದಲ ತಗ್ಗಿದೆ. ಅದರಂತೆ ವ್ಯತ್ಯಾಸ ಸೂಚ್ಯಂಕವು ಸೊನ್ನೆಯಿದ್ದರೆ ಪ್ರಮಾಣ ಸರಿಯಾಗಿದೆ. ಧನ 3 ಇದ್ದರೆ ಗುರಿಯ ಸುಮಾರು ಎರಡರಷ್ಟು, ಋಣ 3 ಇದ್ದರೆ ಸುಮಾರು ಅರ್ಧದಷ್ಟು. ಚಿತ್ರದ ಜೊತೆಗೆ ಈ ಅಂಕಿಯನ್ನೂ ನೋಡುವ ತಂತ್ರಜ್ಞರೇ ರೋಗಿಗೆ ನಿಜವಾದ ರಕ್ಷಣೆ.

ಎಕ್ಸ್-ರೇ ಘಟಕಗಳಿಗೆ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಕಡ್ಡಾಯವಾಗಿದ್ದು, ಸಾರ್ವಜನಿಕರು ಅದನ್ನು ವಿಚಾರಿಸಬಹುದು. ಗರ್ಭಿಣಿಯರು, ಗರ್ಭ ನಿಂತಿರುವ ಸಂಭವವಿರುವವರು ಪರೀಕ್ಷೆಗೆ ಮುನ್ನವೇ ತಿಳಿಸತಕ್ಕದ್ದು. ಹೆಚ್ಚಿನ ಚಿಕಿತ್ಸೆಗಾಗಿ ತುಮಕೂರಿಗೋ ಬೆಂಗಳೂರಿಗೋ ಹೋಗುವವರು ಮುದ್ರಿತ ಪ್ರತಿಯೊಂದಿಗೆ ಗಣಕ ಕಡತವನ್ನೂ ಪಡೆದುಕೊಂಡು ಹೋಗುವುದು ಉತ್ತಮ. ಮುದ್ರಿತ ಪ್ರತಿಯಲ್ಲಿರುವುದು ಒಂದೇ ಹೊಳಪಿನ ಚಿತ್ರ. ಕಡತವಿದ್ದರೆ ವೈದ್ಯರು ಹೊಳಪನ್ನು ಬದಲಿಸಿ ಮೂಳೆಯ ಸಣ್ಣ ಬಿರುಕನ್ನೂ ಪರಿಶೀಲಿಸಬಹುದಾದ್ದರಿಂದ, ಅದೇ ಚಿತ್ರವನ್ನು ಮತ್ತೆ ತೆಗೆಯಬೇಕಾದ ಪ್ರಸಂಗ ಅನೇಕ ವೇಳೆ ತಪ್ಪುತ್ತದೆ.